ಎಲ್ಲೂ ನಿಲ್ಲದ ಹಡಗು

ಹೋದ ವರ್ಷ ಶಿವರಾತ್ರಿ ಕಳೆದ ವಾರದ ಮಾತು. ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನ ಆಫೀಸಿನಲ್ಲಿ ಗುಮಾಸ್ತೆ. ಹತ್ತನೇ ತರಗತಿ ಮಕ್ಕಳ ಹಾಲ್‌ಟಿಕೆಟ್ ಜೋಡಿಸುತ್ತ ಕೂತಿದ್ದಾಗ ಹಾಸನದ ಸೀರೆ ಅಂಗಡಿಯೊಂದರಿಂದ ಫೋನು ಬಂತು. "ಮೇಡಂ, ನಮ್ಮ ಲಕ್ಕಿ ಡ್ರಾದಲ್ಲಿ ನಿಮಗೆ ಬಹುಮಾನ ಬಂದಿದೆ. ಇಬ್ಬರಿಗೆ ಹಡಗಿನ ಪ್ರವಾಸ. ಯುಗಾದಿ ಆಸುಪಾಸಿನಲ್ಲಿ ಹೋಗಿಬರಬೇಕು. ಎಲ್ಲಿಗೆ ಅನ್ನೋದನ್ನ ನೀವೇ ಆರಿಸ್ಕೋಬಹುದು" ಎಂದರು.

ಇಂಥ ಫೋನಿಗೆಲ್ಲ ಯಾಮಾರುವವಳಲ್ಲ ನಾನು. ಇಟ್ಟುಬಿಡೋಣ ಎನ್ನುವಷ್ಟರಲ್ಲಿ ಆ ಕಡೆಯವರು, "ಕೂಪನ್ನಿನಲ್ಲಿ ಎರಡು ಹೆಸರಿದೆ ಮೇಡಂ. ಗೌರಮ್ಮ, ಭಾಗ್ಯಮ್ಮ. ಇಬ್ಬರೂ ಒಟ್ಟಿಗೆ ಬಂದು ಸಹಿ ಹಾಕಬೇಕು" ಎಂದರು. ಆಗ ಇದು ನಿಜವೆಂದು ಗೊತ್ತಾಯಿತು. ಗೊತ್ತಾದ ಕೂಡಲೇ ಖುಷಿಯೆಲ್ಲ ಇಳಿದುಹೋಯಿತು.

ಭಾಗ್ಯಮ್ಮ ನನ್ನ ವಾರಗಿತ್ತಿ, ನಮ್ಮ ಭಾವನವರ ಹೆಂಡತಿ. ಹಳೇಕೋಟೆಯಲ್ಲಿ ತೋಟ, ಗದ್ದೆ, ಹಸು ನೋಡಿಕೊಂಡು ಇರುವವರು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಕರೆಯುತ್ತಿದ್ದೆ ಎಂದೆನಲ್ಲ, ಆ ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಸಂಜೆ ಮನೆಗೆ ಬಂದು ಯಜಮಾನರನ್ನು ಕೇಳಿದೆ. ಅರಕಲಗೂಡಿನಲ್ಲಿ ನಾದಿನಿಯ ಮನೆ ಗೃಹಪ್ರವೇಶಕ್ಕೆ ಸೀರೆ ತರಲು ಎರಡೂ ಮನೆಯವರು ಒಂದೇ ಕಾರಿನಲ್ಲಿ ಹಾಸನಕ್ಕೆ ಹೋಗಿದ್ದೆವು. ಬಿಲ್ಲಿನ ಜೊತೆ ಕೊಟ್ಟ ಕೂಪನ್ ತುಂಬಿದ್ದು ಇವರೇ. "ನಿನ್ನ ಹೆಸರು ಮಾತ್ರ ಬರೆದ್ರೆ ಅತ್ತಿಗೆ ಬೇಜಾರು ಮಾಡ್ಕೊತಾರೆ, ಅತ್ತಿಗೆ ಹೆಸರು ಮಾತ್ರ ಬರೆದ್ರೆ ನೀನು ನನ್ನ ಸುಮ್ನೆ ಬಿಡ್ತಿದ್ಯಾ? ಅದಕ್ಕೆ ಎರಡೂ ಬರೆದೆ. ಬಹುಮಾನ ಬರುತ್ತೆ ಅಂತ ನಂಗೇನು ಗೊತ್ತಿತ್ತು" ಎಂದು ತಲೆ ಕೆರೆದುಕೊಂಡರು.

ಮಾತು ಬಿಟ್ಟ ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಅತ್ತೆ ಲಕ್ವ ಹೊಡೆದು ಏಳು ವರ್ಷ ಹಾಸಿಗೆ ಹಿಡಿದಿದ್ದರು. ಹಳೇಕೋಟೆಯಲ್ಲಿ ಅವರನ್ನು ನೋಡಿಕೊಂಡವರು ಅಕ್ಕ ಒಬ್ಬರೇ. ನಾನು ಭಾನುವಾರ ಮೋಸಂಬಿ ತೆಗೆದುಕೊಂಡು ಹೋಗಿ, ಅತ್ತೆಯ ತಲೆ ಬಾಚಿ, ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಅತ್ತೆ ತೀರಿಕೊಂಡ ಮೇಲೆ ತಿಥಿಯ ದಿನ, ಬಂದವರ ಎದುರಿಗೆ ನಾನು ಅತ್ತೆಯನ್ನು ನೆನೆದು ಅತ್ತುಬಿಟ್ಟೆ. ಅಕ್ಕ ಊಟದ ಎಲೆ ಹಾಕುತ್ತಿದ್ದವರು ನಿಂತು, "ಅಳಾಕೆ ಎಲ್ರಿಗೂ ಬತ್ತದೆ, ಬಟ್ಟೆ ಒಗಿಯಾಕೆ ಒಬ್ರೂ ಬರ್ನಿಲ್ಲ" ಎಂದರು. ನನಗೆ ಮೈಯೆಲ್ಲ ಉರಿಯಿತು. "ನಾನು ಕೆಲಸಕ್ಕೆ ಹೋಗೋಳು. ಮನೇಲಿರೋ ನಿಮಗೆ ಬೇರೆ ಏನು ಕೆಲಸ ಇತ್ತು" ಎಂದುಬಿಟ್ಟೆ.

ಅಷ್ಟೇ. ಅವತ್ತಿನಿಂದ ಅಕ್ಕ ನನ್ನ ಜೊತೆ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಹಬ್ಬ ಹರಿದಿನದಲ್ಲಿ ಒಂದೇ ಸಾಲಿನಲ್ಲಿ ಕೂತು ಊಟ ಮಾಡುತ್ತಿದ್ದೆವು. ಏನಾದರೂ ಹೇಳಬೇಕಿದ್ದರೆ ಗಂಡಂದಿರ ಕೈಲಿ ಹೇಳಿಸುತ್ತಿದ್ದೆವು.

ಮುಂದೆ ನಾನು ಮಾಡಿದ್ದು ಹೇಳಿಕೊಳ್ಳುವಂಥದ್ದಲ್ಲ. ಬಹುಮಾನದ ವಿಷಯ ಸ್ಕೂಲಿನಲ್ಲಿ ಬಾಯಿಬಿಟ್ಟಿದ್ದೆ. ಸ್ಟಾಫ್ ರೂಮಿನಲ್ಲಿ ಎರಡು ದಿನ ಅದೇ ಮಾತು. ಒಬ್ಬರು ಗೋವಾ ಅಂದರು, ಒಬ್ಬರು ಲಕ್ಷದ್ವೀಪ ಅಂದರು, ಹಿಂದಿ ಮೇಡಂ "ಶ್ರೀಲಂಕಾಗೆ ಹೋಗಿ ಗೌರಮ್ಮ, ಫಾರಿನ್ ಆಗುತ್ತೆ" ಎಂದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಿಂದೊಮ್ಮೆ ಎಲ್ಲಿಗೋ ಹೋಗುತ್ತೇವೆಂದು ಹಿಂದಿ ಮೇಡಂ, ನಾನು ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದ್ದೆವು, ಅದು ಬೀರುವಿನಲ್ಲೇ ಇತ್ತು. ಅಕ್ಕನ ಹತ್ತಿರ ಎಲ್ಲಿಂದ ಬರಬೇಕು? ನೀವೇ ನನ್ನ ಜೊತೆ ಬನ್ನಿ ಎಂದು ಹಿಂದಿ ಮೇಡಂಗೆ ಹೇಳಿ, ಅಂಗಡಿಗೆ ಫೋನ್ ಮಾಡಿ, ಭಾಗ್ಯಮ್ಮನ ಬದಲು ನನ್ನ ಸ್ನೇಹಿತೆಯ ಹೆಸರು ಹಾಕಬಹುದಾ ಎಂದು ಕೇಳಿದೆ. ಮ್ಯಾನೇಜರ್, "ಅವರೇ ಬಂದು ಬೇಡ ಅಂತ ಬರೆದುಕೊಟ್ರೆ ಆಗುತ್ತೆ ಮೇಡಂ" ಎಂದ. ಸರಿ, ಅಕ್ಕ ತಾವಾಗಿಯೇ ಬೇಡ ಅನ್ನುತ್ತಾರೆ, ಹಸು ಬಿಟ್ಟು ಎಲ್ಲಿಗೆ ಹೋಗುತ್ತಾರೆ ಎಂದುಕೊಂಡೆ.

ಆದರೆ ಅಕ್ಕ ಬರುತ್ತೇನೆಂದು ಭಾವನ ಕೈಲಿ ಹೇಳಿ ಕಳಿಸಿದರು.

ಶನಿವಾರ ಮಧ್ಯಾಹ್ನ ಸ್ಕೂಲು ಮುಗಿಸಿ ಹೊಳೆನರಸೀಪುರದ ಬಸ್ ಸ್ಟ್ಯಾಂಡಿಗೆ ಹೋದಾಗ ಅಕ್ಕ ಆಗಲೇ ಬಂದು ಕೂತಿದ್ದರು. ಗೃಹಪ್ರವೇಶಕ್ಕೆ ತೆಗೆದ ಸೀರೆಯನ್ನೇ ಉಟ್ಟಿದ್ದರು. ಕೈಯಲ್ಲಿ ನುಗ್ಗೆಕಾಯಿ ತುಂಬಿದ ಬ್ಯಾಗು. ಅದನ್ನು ನನ್ನ ಮುಂದೆ ಇಟ್ಟು ಬೇರೆ ಕಡೆ ನೋಡಿದರು. ನನಗೇ ಎಂದು ಅರ್ಥವಾಯಿತು. ಹಾಸನದ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತೆವು. ಇಬ್ಬರ ನಡುವೆ ಆ ಬ್ಯಾಗು. ಒಂದು ಗಂಟೆ ದಾರಿ, ಒಂದು ಮಾತಿಲ್ಲ.

ಅಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಮ್ಯಾನೇಜರ್ ಕಾಫಿ ತರಿಸಿ, ಮೇಜಿನ ಮೇಲೆ ಬಣ್ಣಬಣ್ಣದ ಚಿತ್ರದ ಕಾಗದಗಳನ್ನು ಹರಡಿದ. "ಇದು ಗೋವಾ. ಇದು ಲಕ್ಷದ್ವೀಪ. ಇದು ಶ್ರೀಲಂಕಾ, ಇದಕ್ಕೆ ಮಾತ್ರ ಇಬ್ಬರಿಗೂ ಪಾಸ್‌ಪೋರ್ಟ್ ಬೇಕು" ಎಂದ. ಆಮೇಲೆ ನನ್ನ ಕಡೆ ತಿರುಗಿ, ಏನೂ ಕೆಟ್ಟದ್ದು ಮನಸ್ಸಿನಲ್ಲಿಲ್ಲದೆ, "ಮೇಡಂ, ನೀವು ಇವರ ಹೆಸರು ತೆಗೆದು ಸ್ನೇಹಿತೆ ಹೆಸರು ಹಾಕಬೇಕು ಅಂದಿದ್ರಲ್ಲ, ಅದಕ್ಕೂ ಫಾರಂ ತೆಗೆದಿಟ್ಟಿದೀನಿ" ಎಂದುಬಿಟ್ಟ.

ನನಗೆ ಅಲ್ಲೇ ನೆಲ ಬಿರಿದರೆ ಸಾಕು ಅನ್ನಿಸಿತು. ಅಕ್ಕ ಕಾಫಿ ಲೋಟವನ್ನು ಮೇಜಿನ ಮೇಲೆ ಇಟ್ಟರು. ಸಿಟ್ಟು ಮಾಡಿಕೊಳ್ಳುತ್ತಾರೆ, ಮ್ಯಾನೇಜರ್ ಎದುರಿಗೇ ನಾಲ್ಕು ಮಾತು ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಸೆರಗನ್ನು ಸರಿ ಮಾಡಿಕೊಂಡು, "ಅದುನ್ನೇ ಕೊಡಪ್ಪ. ಎಲ್ಲಿ ಸೈನ್ ಆಕ್ಬೇಕು ಯೋಳು. ಅವ್ಳು ಓದಿರೋ ಎಣ್ಮಗಳು, ಅವ್ಳ ಜೊತೆಯೋರ್ನ ಕರ್ಕಂಡೋದ್ರೆ ಮಾತ್ಕತೆಗಾಯ್ತದೆ" ಎಂದು ಪೆನ್ನು ಕೈಗೆ ತೆಗೆದುಕೊಂಡರು.

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಅದೇ ನನ್ನನ್ನು ಅಲ್ಲಾಡಿಸಿದ್ದು. ಆಮೇಲೆ ಭಾವ ಹೇಳಿದರು: ಆ ವಾರವೆಲ್ಲ ಅಕ್ಕ ಹೋಗುವುದೋ ಬೇಡವೋ ಎಂದು ಯೋಚಿಸಿ, ಹಸುವಿನ ಹಾಲು ಕರೆಯಲು ಪಕ್ಕದ ಮನೆಯವರನ್ನು ಒಪ್ಪಿಸಿ, ಕೊನೆಗೆ "ಗೌರಿ ಜೊತೇಲಿ ಮಾತಾಡಾಕೆ ಇದೊಂದು ದಾರಿ ಆಯ್ತು" ಎಂದಿದ್ದರಂತೆ. ಆ ಹೊತ್ತಿನಲ್ಲಿ ಅದು ನನಗೆ ಗೊತ್ತಿರಲಿಲ್ಲ. ನನಗೆ ಕಂಡಿದ್ದು ಪೆನ್ನು ಹಿಡಿದ ಅವರ ಕೈ ಮಾತ್ರ. ಬೆರಳ ಸಂದಿಯೆಲ್ಲ ಸೋಪಿನಲ್ಲಿ ಬಿರಿದು ಕಪ್ಪು ಗೆರೆ ಬಿದ್ದಿತ್ತು. ಏಳು ವರ್ಷ ಅತ್ತೆಯ ಬಟ್ಟೆ ಒಗೆದ ಕೈ ಅದು.

ನಾನು ಆ ಕೈ ಹಿಡಿದುಕೊಂಡೆ. "ಬೇಡಿ ಅಕ್ಕ" ಎಂದೆ. ನಾಲ್ಕು ವರ್ಷದ ಮೇಲೆ ಬಾಯಿಂದ ಅಕ್ಕ ಎನ್ನುವ ಮಾತು ಬಂತು. ಮ್ಯಾನೇಜರ್ ನಮ್ಮಿಬ್ಬರ ಮುಖ ನೋಡಿ, ಕೆಳಗೆ ಯಾರೋ ಕರೆದ ಹಾಗೆ ಎದ್ದುಹೋದ. ಅವನ ಜಾಣತನಕ್ಕೆ ಈಗಲೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

"ಅಕ್ಕ, ಅವತ್ತು ನಾನು ಹಾಗನ್ನಬಾರದಿತ್ತು. ಈಗಲೂ ತಪ್ಪು ಮಾಡಿದೆ" ಎಂದೆ.

ಅಕ್ಕ ಪೆನ್ನನ್ನು ಮೇಜಿನ ಮೇಲಿಟ್ಟರು. "ನಾನೂ ನೆಟ್ಟಗೆ ಅನ್ನಿಲ್ಲ ಬುಡು. ನಾಕು ಜನದ್ ಮುಂದೆ ಅನ್ಬಾರ್ದಾಗಿತ್ತು. ನಿದ್ದೆ ಇರ್ನಿಲ್ಲ ಕಣಮ್ಮಿ ನಂಗೆ. ಏಳೊರ್ಸ ನೆಟ್ಟಗೆ ನಿದ್ದೆ ಇರ್ನಿಲ್ಲ. ಬಾಯಿಗ್ ಬಂದದ್ದು ಆಡ್ಬುಟ್ಟೆ."

ನನ್ನ ಮದುವೆಯಾಗಿ ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ಒಂದು ದಿನವೂ ಕೇಳದ ಪ್ರಶ್ನೆಯನ್ನು ಆಗ ಕೇಳಿದೆ. "ನಿಮಗೆ ಎಲ್ಲಿಗೆ ಹೋಗೋ ಆಸೆ ಹೇಳಿ ಅಕ್ಕ. ಅಲ್ಲಿಗೇ ಹೋಗೋಣ."

ಅಕ್ಕ ಮೂರೂ ಕಾಗದ ಕೈಗೆತ್ತಿಕೊಂಡು ನೋಡಿದರು. ಗೋವಾದ ಚರ್ಚು, ಲಕ್ಷದ್ವೀಪದ ಹಸಿರು ನೀರು, ಶ್ರೀಲಂಕಾದ ಆನೆ. ಒಂದೊಂದನ್ನೂ ದೂರ ಹಿಡಿದು ಹತ್ತಿರ ಹಿಡಿದು ನೋಡಿ ಕೆಳಗಿಟ್ಟರು. ಅಷ್ಟರಲ್ಲಿ ಮ್ಯಾನೇಜರ್ ಬಂದ. ಅಕ್ಕ ಅವನನ್ನು ಕೇಳಿದರು, "ಇದ್ರಲ್ಲಿ ಯಾವ್ದಪ್ಪ ಎಲ್ಲೂ ನಿಲ್ಲಾಕಿಲ್ಲ?"

ಅವನಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ.

"ನಿಂತ್ರೆ ಇಳೀಬೇಕು. ಇಳುದ್ರೆ ಬಿರ್ರನೆ ನೋಡ್ಕಂಡು ಬಿರ್ರನೆ ಬರ್ಬೇಕು. ಧರ್ಮಸ್ಥಳಕ್ಕೋದಾಗ್ಲೂ ಅಂಗೇ ಆಯ್ತು, ಕುಂತ್ಕಳಾಕೇ ಆಗ್ನಿಲ್ಲ. ನಂಗೇನೂ ನೋಡೋದ್ ಬ್ಯಾಡ. ಸುಮ್ಕೆ ಒಂದ್ಕಡೆ ಕುಂತ್ಕಬೇಕು, ಯಾರೂ ಕರೀಬಾರ್ದು" ಎಂದರು.

ಮ್ಯಾನೇಜರ್ ನಗಲಿಲ್ಲ. ಮೇಜಿನ ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದ. "ಒಂದಿದೆ ಅಮ್ಮ. ಮುಂಬೈಯಿಂದ ಹೊರಟು ಎರಡು ರಾತ್ರಿ ಸಮುದ್ರದಲ್ಲೇ ಇದ್ದು, ಎಲ್ಲೂ ಇಳಿಯದೆ ವಾಪಸ್ ಮುಂಬೈಗೇ ಬರುತ್ತೆ. ಯಾವ ಊರೂ ಇಲ್ಲ ಅಂತ ಯಾರೂ ಕೇಳಲ್ಲ, ಅದಕ್ಕೆ ತೋರಿಸಲಿಲ್ಲ" ಎಂದ. ಆ ಕಾಗದದಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ನನ್ನ ಮುಖ ನೋಡಿದರು. ನಾನು ನನ್ನ ಹೆಸರಿನ ಮುಂದೆ ಸಹಿ ಹಾಕಿ ಪೆನ್ನನ್ನು ಅವರ ಕೈಗೆ ಕೊಟ್ಟೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. "ಹೋಗಿ ಹೋಗಿ ಊರೇ ಇಲ್ಲದ ಕಡೆ ಹೋಗ್ತಾರಂತೆ" ಎಂದು ಹಿಂದಿ ಮೇಡಂ ಅಂದರು. ಅವರ ಮುಖ ಸಪ್ಪಗಾದದ್ದೂ ನಿಜ, ಅವರಿಗೆ ಆಸೆ ತೋರಿಸಿದವಳು ನಾನೇ. ಅವರಿಗೆ ಕ್ಷಮೆ ಕೇಳಿದೆ. ಶ್ರೀಲಂಕಾ ತಪ್ಪಿತಲ್ಲ ಎಂಬ ಬೇಜಾರು ನನಗೂ ಒಂದಿಷ್ಟು ಇತ್ತು, ಸುಳ್ಳು ಹೇಳುವುದಿಲ್ಲ.

ಯುಗಾದಿ ಮುಗಿಸಿ ಅರಸೀಕೆರೆಯಲ್ಲಿ ಮುಂಬೈ ರೈಲು ಹತ್ತಿದೆವು. ಗಂಡಂದಿರಿಬ್ಬರೂ ಬಂದು ಹತ್ತಿಸಿ, ಹತ್ತು ಸಲ ಜೋಪಾನ ಹೇಳಿದರು. ಅಕ್ಕ ಒಂದು ಡಬ್ಬಿ ಕೋಡುಬಳೆ, ಒಂದು ಡಬ್ಬಿ ಚಟ್ನಿಪುಡಿ ತಂದಿದ್ದರು. ಮುಂಬೈಯಲ್ಲಿ ಪ್ರವಾಸದ ಏಜೆನ್ಸಿಯವರು ನಮ್ಮ ಹೆಸರು ಬರೆದ ಬೋರ್ಡು ಹಿಡಿದು ನಿಂತಿದ್ದರು. ಹಡಗು ನೋಡಿ ಅಕ್ಕ, "ಇದು ಹಡಗಲ್ಲ ಕಣಮ್ಮಿ, ಹಾಸನದ ಆಸ್ಪತ್ರೆ ತಂದು ನೀರ್‌ಗಿಟ್ಟವ್ರೆ" ಎಂದರು. ನಗು ತಡೆಯಲಾರದೆ ನಾನು ಅವರ ಭುಜ ಹಿಡಿದುಕೊಂಡೆ.

ಮೊದಲ ಸಂಜೆ ಅವರಿಗೆ ಕೂರಲಾಗಲಿಲ್ಲ. ಮೇಲೆ ಡೆಕ್ಕಿನಲ್ಲಿ ಕುರ್ಚಿ ಹಾಕಿಕೊಟ್ಟರೂ ಐದು ನಿಮಿಷಕ್ಕೊಮ್ಮೆ "ಗಂಟೆ ಎಷ್ಟಾಯ್ತು" ಎಂದು ಕೇಳುತ್ತಿದ್ದರು. ಹಾಲು ಕರೆಯುವ ಹೊತ್ತು ಅದು. ದಡ ಕಣ್ಮರೆಯಾದ ಸ್ವಲ್ಪ ಹೊತ್ತಿಗೆ ಫೋನು ತೆಗೆದು ನೋಡಿ, "ಕಡ್ಡಿನೇ ಇಲ್ವಲ್ಲ" ಎಂದರು. ಸಿಗ್ನಲ್ ಇಲ್ಲಿ ಸಿಗುವುದಿಲ್ಲ, ದಡಕ್ಕೆ ಬರುವವರೆಗೂ ಇಲ್ಲ ಎಂದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. "ಅಂಗಾರೆ ಯಾರೂ ಕರಿಯಾಕಿಲ್ಲ" ಎಂದು ಫೋನನ್ನು ಬ್ಯಾಗಿನ ತಳಕ್ಕೆ ಹಾಕಿ ಕಾಲು ನೀಡಿಕೊಂಡರು. ಆಮೇಲೆ ಸುಮ್ಮನೆ ನೀರು ನೋಡುತ್ತ ಕೂತರು. ನಾನು ಏನೋ ಮಾತು ತೆಗೆಯಲು ಹೋದವಳು, ಅವರ ಮುಖ ನೋಡಿ ಬಿಟ್ಟುಬಿಟ್ಟೆ. ಆ ಮೌನ ಬಸ್ಸಿನಲ್ಲಿದ್ದ ಮೌನದಂತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ನನಗೆ ಆರಕ್ಕೆ ಎಚ್ಚರವಾಯಿತು. ಪಕ್ಕದ ಹಾಸಿಗೆಯಲ್ಲಿ ಅಕ್ಕ ಗೋಡೆ ಕಡೆ ತಿರುಗಿ, ಅಂಗೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು ಮಲಗಿದ್ದರು. ಏಳಾಯಿತು, ಎಂಟಾಯಿತು. ಇಷ್ಟು ಹೊತ್ತು ಮಲಗುವವರಲ್ಲ, ಹುಷಾರಿಲ್ಲವೇನೋ ಎಂದು ಭಯವಾಗಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು, ಉಸಿರು ಸಮವಾಗಿತ್ತು. ಬರೀ ನಿದ್ದೆ. ಒಂಬತ್ತಕ್ಕೆ ಮೈಕಿನಲ್ಲಿ ಏನೋ ಕೂಗಿದರು. ಬಾಗಿಲು ತೆರೆದು ವಿಚಾರಿಸಿದರೆ ಡಾಲ್ಫಿನ್ ಮೀನುಗಳು ಕಾಣಿಸುತ್ತಿವೆಯಂತೆ, ಎಲ್ಲರೂ ಮೇಲೆ ಓಡುತ್ತಿದ್ದರು. ನನಗೂ ಓಡಬೇಕೆನ್ನಿಸಿತು. ಆದರೆ ಕೋಣೆ ಸ್ವಚ್ಛ ಮಾಡುವವರು ಸಾಲಾಗಿ ಬಾಗಿಲು ತಟ್ಟಿಕೊಂಡು ಬರುತ್ತಿದ್ದರು. ನಾನು ಹೋದರೆ ನಮ್ಮ ಬಾಗಿಲನ್ನೂ ತಟ್ಟುತ್ತಾರೆ. ಕುರ್ಚಿಯನ್ನು ಬಾಗಿಲ ಹೊರಗೆ ಎಳೆದು ಹಾಕಿಕೊಂಡು ಕೂತೆ. ಬಂದವರಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು, "ಅಕ್ಕ ಮಲಗಿದಾರೆ" ಎಂದೆ. ಅವರಿಗೆ ಕನ್ನಡ ಬರದು, ಆದರೂ ತಿಳಿದುಕೊಂಡು ಮೆಲ್ಲಗೆ ಹೋದರು.

ಹತ್ತೂಕಾಲಿಗೆ ಒಳಗೆ ಸದ್ದಾಯಿತು. ಅಕ್ಕ ಎದ್ದು ಹಾಸಿಗೆಯ ಮೇಲೆ ಕೂತು ಎಲ್ಲಿದ್ದೇನೆಂದು ತಿಳಿಯದವರಂತೆ ನೋಡುತ್ತಿದ್ದರು. ಗಂಟೆ ಹೇಳಿದಾಗ ನಂಬಲಿಲ್ಲ. "ಯಾಕಮ್ಮಿ ಎಬ್ಬುಸ್ನಿಲ್ಲ? ತಿಂಡಿ ಮುಗ್ದೋಗಿರ್ತದೆ" ಎಂದರು.

"ನಾನೂ ತಿಂದಿಲ್ಲ ಅಕ್ಕ. ಕೋಡುಬಳೆ ಇದೆಯಲ್ಲ" ಎಂದೆ.

ಹಾಸಿಗೆಯ ಮೇಲೆ ಡಬ್ಬಿ ತೆರೆದಿಟ್ಟುಕೊಂಡು ತಿಂದೆವು. ಡಾಲ್ಫಿನ್ ಬಂದಿತ್ತೆಂದು ಅವರಿಗೆ ಇವತ್ತಿಗೂ ನಾನು ಹೇಳಿಲ್ಲ. ಹೇಳಿದರೆ, ತಮ್ಮಿಂದಾಗಿ ನನಗೆ ಅದನ್ನು ನೋಡುವುದು ತಪ್ಪಿತಲ್ಲ ಎಂದು ನೊಂದುಕೊಳ್ಳುತ್ತಾರೆ. ಅವರಿಗೋಸ್ಕರ ಬಾಗಿಲಲ್ಲಿ ಕೂತಿದ್ದು ಆ ಒಂದು ಬೆಳಿಗ್ಗೆ ಮಾತ್ರ. ಅತ್ತೆ ಇದ್ದಾಗ ಒಂದು ಭಾನುವಾರ, "ನೀವು ಹೋಗಿ ಮಲಗಿ ಅಕ್ಕ, ನಾನು ನೋಡ್ಕೊತೀನಿ" ಎಂದಿದ್ದರೆ ಸಾಕಿತ್ತು. ಅದು ಆಗ ಹೊಳೆಯಲಿಲ್ಲ. ಆ ನೋವು ಹೋಗಿಲ್ಲ, ಹೋಗುವುದೂ ಬೇಡ.