ತಗಡಿನಾಚೆಯ ವಿಮರ್ಶಕ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ವರ್ಷ ಅಥಣಿಯಲ್ಲಿ ಕ್ಯಾಂಪು ಹಾಕಿದ್ದ ನಾಟಕ ಕಂಪನಿಯ ಹೊಸ ನಾಟಕಕ್ಕೆ ಹೋಗಬೇಕೋ ಬೇಡವೋ, ಹೋದರೆ ಯಾವಾಗ ಕೂರಬೇಕು, ಯಾವಾಗ ಏಳಬೇಕು ಎಂದು ಅರ್ಧ ತಾಲೂಕಿಗೆ ಹೇಳಿಕೊಟ್ಟವನು ನಾನು. ಆ ನಾಟಕವನ್ನು ನಾನು ನೋಡಿರಲೇ ಇಲ್ಲ. ಕೇಳಿದ್ದೆ, ಅಷ್ಟೆ. ಥೇಟರಿನ ತಗಡಿನ ಗೋಡೆಗೆ ಸೈಕಲ್ ಆನಿಸಿ, ಅದರ ಮೇಲೆ ಕೂತು, ತಗಡಿಗೆ ಕಿವಿ ಹಚ್ಚಿ.

ಒಳಗೆ ಹೋಗದಿರಲು ಕಾರಣವಿತ್ತು. ಹಿಂದಿನ ನಾಟಕದಲ್ಲಿ ನಾನು ಮೂರನೇ ಸಾಲಿನಲ್ಲಿ ಕೂತು, ಖಳನಾಯಕನ ಮಾತನ್ನು ಅವನದೇ ಗೊಗ್ಗರು ದನಿಯಲ್ಲಿ, ಅವನಿಗಿಂತ ಅರೆಗಳಿಗೆ ಮೊದಲೇ ಹೇಳುತ್ತಿದ್ದೆ. ನಾಲ್ಕು ಸಲ ಪಾಪ ತಡೆದುಕೊಂಡ. ಐದನೇ ಸಲ ಆತ ಬಾಯಿ ತೆರೆದು ನಿಂತ, ಮಾತು ನನ್ನ ಕಡೆಯಿಂದ ಬಂತು, ಚಪ್ಪಾಳೆ ನನಗೆ ಬಿತ್ತು. ಗೇಟಿನವನು ಬಂದು ಕಾಲರು ಹಿಡಿದು ಹೊರಗೆ ನಿಲ್ಲಿಸಿದ.

"ಲೇ, ಈ ಕಂಪನಿ ಅಥಣಿ ಬಿಡೂತನಾ ನೀ ಈ ಗೇಟ್ ದಾಟಾಂಗಿಲ್ಲ, ತಿಳೀತಿಲ್ಲೊ?"

ಈ ಸುದ್ದಿಯನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ದೊಡ್ಡ ಹುದ್ದೆ ಹೋಗುತ್ತಿತ್ತು. ಮುಂಜಾನೆ ದ್ರಾಕ್ಷಿ ತೋಟಕ್ಕೆ ಔಷಧ ಒಯ್ಯುವ ನೆಪದಲ್ಲಿ ಪೇಟೆಗೆ ಬಂದು, ಬಸ್‌ಸ್ಟ್ಯಾಂಡ್ ಪಕ್ಕದ ಚಹಾದ ಹೋಟೆಲಿನಲ್ಲಿ ಹಿಂದಿನ ದಿನದ ನಾಟಕವನ್ನು ಮಾಡಿ ತೋರಿಸುವುದೇ ಆ ಹುದ್ದೆ. ನಾಯಕ, ನಾಯಕಿ, ಪೇಟಿ, ತಬಲಾ, ನಡುವೆ ಸೋಡಾ ಬಾಟಲಿ ಒಡೆಯುವ ಸಪ್ಪಳ, ಎಲ್ಲ ನನ್ನೊಬ್ಬನ ಗಂಟಲಲ್ಲಿ. ಶಿರಗುಪ್ಪಿಯಿಂದ ಟ್ರ್ಯಾಕ್ಟರ್ ತುಂಬಿ ಬರುವವರು, ರಾಯಬಾಗದ ಬಸ್ಸಿಳಿದವರು, ಎಲ್ಲರೂ ನನ್ನನ್ನು ಕೇಳಿಯೇ ಟಿಕೆಟ್ ತೆಗೆಸುತ್ತಿದ್ದರು. "ಕಾಯ್ ರೆ, ನವೀನ್ ನಾಟಕ್ ಕಸಂ ಆಹೆ?" ಎಂದು ಕಾಗವಾಡದ ಕಡೆಯವರು ಹೊಸ ನಾಟಕ ಹೇಗಿದೆಯೆಂದು ಕೇಳಿದರೆ ಅದೇ ವಿಮರ್ಶೆ ಮರಾಠಿಯಲ್ಲೂ ಸಿಗುತ್ತಿತ್ತು. ಒಂದು ಚಹಾಕ್ಕೆ ಎರಡು ಭಾಷೆ.

ಹೊಸ ನಾಟಕ ಅತ್ತೆ ಸೊಸೆಯರದು. ಅತ್ತೆಯ ದನಿ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂತೆ ಚುರ್ ಎನ್ನುವಂಥದ್ದು. ಸೊಸೆ ಪೌಡರ್ ಹಚ್ಚಿದರೆ ಬೈಗುಳ, ಹೈಹೀಲ್ ಚಪ್ಪಲಿ ಮೆಟ್ಟಿದರೆ ಬೈಗುಳ. ನನಗೆ ಬೇಕಾದ ಮೇವು. ಆದರೆ ಮೂರನೇ ಅಂಕದಲ್ಲಿ ಸೊಸೆಯ ಹಾಡು ಮುಗಿದು, ಪರದೆ ಬಿದ್ದು, ಮತ್ತೆ ಎದ್ದ ಸಪ್ಪಳವಾದ ಮೇಲೆ ಒಬ್ಬರೂ ಮಾತಾಡಲಿಲ್ಲ. ಐದಾರು ಮಿನಿಟು. ಒಮ್ಮೆ "ಕಿರ್ರ್" ಅಂತು. ತುಸು ಹೊತ್ತಿಗೆ "ಟಕ್... ಟಕ್... ಟಕ್". ಕೊನೆಗೆ "ಧಡ್". ಒಳಗೆ ಜನ ಬಿದ್ದು ಬಿದ್ದು ನಗುತ್ತಿದ್ದರು.

ತಗಡಿನಾಚೆ ಕೂತು ನಾನು ತೀರ್ಪು ಕೊಟ್ಟೆ: ಪರದೆ ಸಿಕ್ಕಿಹಾಕಿಕೊಂಡಿದೆ. ಕಿರ್ರ್ ಎಂದದ್ದು ರಾಟೆ. ಟಕ್ ಟಕ್ ಎಂದದ್ದು ಸುತ್ತಿಗೆ. ಧಡ್ ಎಂದದ್ದು ಏಣಿಯಿಂದ ಬಿದ್ದ ಮನುಷ್ಯ. ಮರುದಿನವೂ ಅದೇ ಸಪ್ಪಳ ಕೇಳಿದಾಗ, ಪರದೆ ರಿಪೇರಿ ಮಾಡಿಸುವ ಯೋಗ್ಯತೆಯೂ ಈ ಕಂಪನಿಗಿಲ್ಲ ಎಂದು ಮರುಗಿದೆ. ಮಾತಿಲ್ಲದೆ ಜನರನ್ನು ನಗಿಸಬಹುದು ಎಂಬುದು ನನಗೆ ಹೊಳೆಯಲೇ ಇಲ್ಲ. ನಾನು ಸುಮ್ಮನಿದ್ದಾಗ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ.

"ನಾಟಕ ಭಾರಿ ಐತ್ರಿ, ಹೋಗ್ರಿ," ಎಂದು ಹೋಟೆಲಿನಲ್ಲಿ ಸಾರಿದೆ. "ಆದ್ರ ಮೂರನೇ ಅಂಕದಾಗ ಹಾಡು ಮುಗದು ಪರದಿ ಬಿತ್ತಂದ್ರ ಎದ್ದು ಹೊರಗ ಬರ್ರಿ. ಪರದಿ ದಿನಾ ಸಿಕ್ಕೊಂತೈತಿ. ಚಾ ಕುಡೀರಿ, ಬೀಡಿ ಸೇದ್ರಿ. ಟಕ್ ಟಕ್ ಬಡಿಯೂದು ಮುಗದಮ್ಯಾಲೆ ಒಳಗ ಹೋದ್ರ ಸಾಕು."

ಗಂಡಸರು ಅಕ್ಷರಶಃ ಪಾಲಿಸಿದರು. ಪರದೆ ಬಿದ್ದದ್ದೇ ತಡ, ಬಸ್ಸು ಬಂತೇನೋ ಎಂಬಂತೆ ಏಳುತ್ತಿದ್ದರು. ಹೆಂಗಸರು ಮಾತ್ರ ತಮ್ಮ ಕಡೆ ಕೂತೇ ಇರುತ್ತಿದ್ದರು. ಅವರ ನಗು ಹೊರಗೆ ಕೇಳಿದಾಗ ಗಂಡಸರು ಕಪ್ಪು ಹಿಡಿದುಕೊಂಡು, "ಸಿಕ್ಕೊಂತು ನೋಡಲೇ ಪರದಿ! ಹುಡುಗ ಹೇಳಿದ್ದು ಖರೇನ ಐತಿ," ಎನ್ನುತ್ತಿದ್ದರು. ನನ್ನ ಕೀರ್ತಿ ಏರಿತು. ಸೈಕಲ್ಲಿನ ಮೇಲೆ ನಾನೂ ತುಸು ಎದೆ ಸೆಟೆಸಿ ಕೂರತೊಡಗಿದೆ.

ಒಂದು ಶನಿವಾರ ಮುಂಜಾನೆ ಗೇಟಿನವನು ಹೋಟೆಲಿಗೆ ಬಂದ. ಜೊತೆಗೆ ಸಾದಾ ಸೀರೆಯ, ನಲವತ್ತು ದಾಟಿದ ಒಬ್ಬ ಹೆಂಗಸು. ಆಕೆ ಮಾತಾಡದೆ ಮೂಲೆಯ ಬೆಂಚಿನ ಮೇಲೆ ಕೂತಳು.

"ನಿನ್ನ ನಾಟಕದ ವಿಚಾರ ಭಾಳ ಹೆಸರಾಗೇತಿ," ಎಂದ ಗೇಟಿನವನು, ಎಂದೂ ಇಲ್ಲದಷ್ಟು ಮಿದುವಾಗಿ. "ಇವ್ರಿಗೂ ಒಮ್ಮೆ ತೋರ್ಸು."

ಅನುಮಾನ ಪಡಬೇಕಿತ್ತು. ಹಿಗ್ಗಿದವನಿಗೆ ಅನುಮಾನ ಎಲ್ಲಿಯದು? ಹೋಟೆಲಿನ ಗೋಣಿಚೀಲವೇ ಪರದೆಯಾಯಿತು. ಅತ್ತೆಯ ದನಿಯಲ್ಲಿ ಚುರ್ ಎಂದು ಬೈದೆ. ಕಿರ್ರ್ ಎಂದೆ, ಸೌಟಿನಿಂದ ಟಕ್ ಟಕ್ ಬಡಿದೆ, ಬೆಂಚಿನಿಂದ ಧಡ್ ಎಂದು ಬಿದ್ದೆ. ಹೋಟೆಲು ನಕ್ಕು ಸುಸ್ತಾಯಿತು. ಆಕೆ ಚಹಾ ಮುಗಿಸಿ ಕಪ್ಪು ಕೆಳಗಿಟ್ಟಳು.

"ಆ ಅತ್ತಿ ನಾನ."

ಕಾದ ಹಂಚು! ದನಿ ಕೇಳಿದೊಡನೆ ಗುರುತು ಸಿಕ್ಕಿತು. ನಾನು ನೆಲದ ಮೇಲೆಯೇ ಉಳಿದೆ.

"ಕಿರ್ರ್ ಅನ್ನೂದು ಪರದಿ ಅಲ್ಲೋ ತಮ್ಮಾ, ಸೊಸಿ ಟ್ರಂಕು," ಎಂದಳು. "ಟಕ್ ಟಕ್ ಅನ್ನೂದು ಅಕೀ ಚಪ್ಲಿ. ಕದ್ದು ಮೆಟ್ಕೊಂಡು ಅಡ್ಡಾಡಾಕಿ ನಾನು. ಧಡ್ ಅಂತ ಬೀಳಾಕಿನೂ ನಾನ. ಹದಿನೆಂಟು ವರ್ಷ ಆತು, ಎಲ್ಲಾ ನಾಟಕದಾಗೂ ಅಳೂ ಅವ್ವನ ಪಾರ್ಟು. ಮಂದೀನ ನಗಸೂ ಸೀನ್ ಇದೊಂದ ಸಿಕ್ಕಿತ್ತು. ಗಂಡಸ್ರೆಲ್ಲಾ ಎದ್ದು ಹೊರಗ ಹೋಗ್ತಾರಂತ ಮಾಲಕ್ರು ಸೋಮವಾರದಿಂದ ಅದನ್ನ ತಗೀತಾರಂತ."

ಹೋಟೆಲು ನನ್ನ ಕಡೆ ತಿರುಗಿತು. ಹೋಟೆಲಿನವನು ನನ್ನ ಕೈಯಿಂದ ಸೌಟು ಕಸಿದುಕೊಂಡು ಕೇಳಿದ: "ಅಂದ್ರ ನೀ ನಾಟಕಾನ ನೋಡಿಲ್ಲೇನಲೇ?"

ಉಳಿದದ್ದನ್ನು ಗೇಟಿನವನು ಹೇಳಿದ. ಕಾಲರು ಹಿಡಿದದ್ದನ್ನು ಎರಡು ಸಲ ಹೇಳಿದ.

ಮರುದಿನ ರವಿವಾರ, ಮಧ್ಯಾಹ್ನ ಮೂರರ ಆಟಕ್ಕೆ ನನಗೆ ಒಂದೇ ಆಟದ ಮಾಫಿ ಸಿಕ್ಕಿತು. ಪಕ್ಕದಲ್ಲಿ ಗೇಟಿನವನು, ಅವನ ಕೈ ನನ್ನ ಹೆಗಲ ಮೇಲೆ. ಹಿಂದಿನ ದಿನವೆಲ್ಲ ಸಿಕ್ಕವರಿಗೆ "ನಾ ಹೇಳಿದ್ದು ತಪ್ಪಾತ್ರಿ" ಎಂದು ಹೇಳುತ್ತ ತಿರುಗಿದ್ದೆ. ಅದನ್ನೂ ನನ್ನ ಅಣಕವೆಂದೇ ತಿಳಿದು ಜನ ನಕ್ಕಿದ್ದರು. ಹಾಡು ಮುಗಿಯಿತು, ಪರದೆ ಬಿತ್ತು, ಶಿರಗುಪ್ಪಿಯ ಟ್ರ್ಯಾಕ್ಟರಿನವರು ಸಾಲುಸಾಲಾಗಿ ಎದ್ದರು. ನನ್ನ ಸ್ವಂತ ದನಿಗೆ ಅಲ್ಲಿ ಮೂರು ಕಾಸಿನ ಬೆಲೆಯಿರಲಿಲ್ಲ. ಕುರ್ಚಿ ಹತ್ತಿ ನಿಂತು, ದಿನಾ ಮೈಕಿನಲ್ಲಿ ಮಾತಾಡುವ ಮಾಲಕರ ದಪ್ಪ ದನಿ ತೆಗೆದೆ:

"ಪ್ರೇಕ್ಷಕ ಮಹಾಶಯರೇ! ಪರದೆ ರಿಪೇರಿಯಾಗಿದೆ! ದಯಮಾಡಿ ಕುಳಿತುಕೊಳ್ಳಬೇಕು!"

ಕೂತರು! ಪರದೆಯ ಸಂದಿಯಿಂದ ನಿಜವಾದ ಮಾಲಕರು ತಲೆ ಹೊರಹಾಕಿ, ತಮ್ಮ ದನಿಯಲ್ಲಿ ಮಾತಾಡಿದವರು ಯಾರೆಂದು ಹುಡುಕಿದರು. ಗೇಟಿನವನು ನನ್ನನ್ನು ಜಗ್ಗಿ ಕೂರಿಸಿದ.

ಪರದೆ ಎದ್ದಿತು. ಟ್ರಂಕು ಕಿರ್ರ್ ಎಂದಿತು. ಆಕೆ ಅತ್ತಿತ್ತ ನೋಡಿ, ಸುಣ್ಣ ಬಳಿದ ಗೋಡೆಯಂತೆ ಪೌಡರ್ ಹಚ್ಚಿಕೊಂಡಳು. ಕಪ್ಪು ಕನ್ನಡಕ ಏರಿಸಿದಳು. ಚಪ್ಪಲಿಯಲ್ಲಿ ಕಾಲಿಟ್ಟಳು. ಟಕ್. ಆಗತಾನೇ ಹುಟ್ಟಿದ ಕರುವಿನ ಹಾಗೆ ಮೊಳಕಾಲು ನಡುಗಿದವು. ಟಕ್. ನಾಲ್ಕನೇ ಹೆಜ್ಜೆಗೆ ನಡು ಬಳುಕಿತು, ಗದ್ದ ಮೇಲೇರಿತು. ಖಾಲಿ ಕುರ್ಚಿಯೊಂದನ್ನು ಅತ್ತೆಯೆಂದು ಭಾವಿಸಿ, ತುಟಿ ಬಿಚ್ಚದೆ, ಬೆರಳಾಡಿಸಿ ಬೈದಳು. ತನ್ನನ್ನೇ! ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ. ಆಕೆಗಿಂತ ಅರೆಗಳಿಗೆ ಮೊದಲು ಹೇಳಲು ಅಲ್ಲಿ ಏನೂ ಇರಲಿಲ್ಲ. ಧಡ್ ಎಂದು ಆಕೆ ಬೀಳುವ ಹೊತ್ತಿಗೆ ನಾನೂ ಕುರ್ಚಿಯಿಂದ ಜಾರಿದ್ದೆ, ಇನ್ನೊಂದು ಪಕ್ಕದ ಕಾಕಾ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ ನನ್ನ ಬೆನ್ನು ಗುದ್ದುತ್ತಿದ್ದ: "ಇದನ್ನ ಬಿಡಿಸಿ ಚಾ ಕುಡಿಸಿದ್ದೆಲ್ಲಲೇ, ಕಳ್ಳಾ!"

ಆಟ ಮುಗಿದ ಮೇಲೆ ಮಾಲಕರು ಒಳಗೆ, "ಸೀನ್ ಇರ್ಲಿ, ತಗ್ಯೂದು ಬ್ಯಾಡ," ಎಂದದ್ದು ನನಗೇ ಕೇಳಿಸಿತು. ಈ ಸಲವೂ ತಗಡಿಗೆ ಕಿವಿ ಹಚ್ಚಿದ್ದೆ, ಆದರೆ ಒಳಗಿನಿಂದ. ಆಕೆ ಮುಖದ ಪೌಡರ್ ಒರೆಸುತ್ತ ಪಕ್ಕದ ಬಾಗಿಲಿಗೆ ಬಂದಳು. ಧೈರ್ಯ ಮಾಡಿ ಕೇಳಿದೆ:

"ಅಕ್ಕಾರ, ಇನ್ನ ನಾ ದಿನಾ ಒಳಗ ಬರಬಹುದಿಲ್ರಿ?"

ಗೇಟಿನವನು ಆಕೆಯ ಮುಖ ನೋಡಿದ. ಆಕೆ ನನ್ನನ್ನು ನೋಡದೆ ಅವನಿಗೇ ಹೇಳಿದಳು:

"ಬರ್ಲಿ ಬಿಡು. ಕಣ್ಣು ತಗೊಂಡು ಒಳಗ ಬರ್ಲಿ. ಬಾಯಿ ಮಾತ್ರ ಸೈಕಲ್ ಸ್ಟ್ಯಾಂಡಿನಾಗ ಬಿಟ್ಟು ಚೀಟಿ ಇಸ್ಕೊಂಡ್ ಬರ್ಲಿ. ಮನೀಗೆ ಹೋಗಾಗ ಚೀಟಿ ತೋರ್ಸಿ ಬಿಡಿಸ್ಕೊಂಡು ಹೋಗ್ಲಿ."