ಹೆಸರು ಕೂಗಿ ಕಡ್ಡಿ ಹಚ್ಚು

ಇವತ್ತು ಬೆಳಿಗ್ಗೆ ರೊಟ್ಟಿಗೆ ಜೊತೆಯಾಗಲಿ ಅಂತ ಸೌತಿಕಾಯಿ ಹೆಚ್ಚಲು ಕೂತೆ. ಎಳೆಯದಿತ್ತು. ಈಳಿಗೆಗೆ ತಾಗಿದ್ದೇ ತಡ, ಆ ತಣ್ಣನೆಯ ಹಸಿ ವಾಸನೆ ಮೂಗಿಗೆ ಬಂತು. ಬೇರೆಯವರಿಗೆ ಈ ವಾಸನೆಗೆ ಬಾಯಲ್ಲಿ ನೀರು ಬರುತ್ತದಂತೆ. ನನಗೆ ನಮ್ಮ ಭಾವನವರ ಕಣ್ಣು ನೆನಪಾಗುತ್ತವೆ. ನಗಬ್ಯಾಡ್ರಿ, ಹೇಳ್ತೀನಿ. ಭಾವ ಅಂದರೆ ನಮ್ಮ ಮನೆಯವರ ಅಣ್ಣ. ಅವರ ಎರಡು ಕಣ್ಣಿನ ಮೇಲೆ ಎರಡು ಸೌತಿಕಾಯಿ ಬಿಲ್ಲೆ ಇಡುವಂಥ ಪರಿಸ್ಥಿತಿ ತಂದ ಮಹಾತಾಯಿ ನಾನೇ.

ಅದಕ್ಕೂ ಮೊದಲು ಹೆಸರಿನ ವಿಷಯ ಹೇಳಬೇಕು. ನನ್ನ ತವರು ಯಲಬುರ್ಗಾ ಕಡೆಯ ಬೇವೂರು. ಅಪ್ಪ ನನಗೆ ಹುಲಿಗೆಮ್ಮ ಅಂತ ಹೆಸರಿಟ್ಟಿದ್ದ. ನಮ್ಮ ಭಾಗದಲ್ಲಿ ಓಣಿಗೆ ನಾಲ್ಕು ಮಂದಿ ಹುಲಿಗೆಮ್ಮ ಸಿಗುತ್ತಾರೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ಮದುವೆಯಾಗಿ ಹಿಟ್ನಾಳಕ್ಕೆ ಬಂದರೆ ಅತ್ತಿಯ ಹೆಸರೂ ಹುಲಿಗೆಮ್ಮ! ಒಂದೇ ಮನೆಯಲ್ಲಿ ಇಬ್ಬರಿದ್ದರೆ ನಡೆಯುವುದು ಹೇಗೆ? ಗಂಡ ಹೆಂಡತಿಯನ್ನು ಕರೆದರೆ ಹೆತ್ತ ತಾಯಿಯನ್ನು ಹೆಸರು ಹಿಡಿದು ಕರೆದಂತೆ. ಅತ್ತಿ ಸೊಸೆಯನ್ನು ಬೈದರೆ ತನ್ನನ್ನೇ ತಾನು ಬೈದುಕೊಂಡಂತೆ. ಬೈಯದೆ ಇರುವುದಂತೂ ಆಗದ ಮಾತು. ಹೀಗಾಗಿ ಮದುವೆಯ ಹಂದರದಲ್ಲೇ ನನಗೆ ಗೌರಿ ಎಂದು ಹೊಸ ಹೆಸರಿಟ್ಟರು. ಛಲೋ ಹೆಸರೇ. ಆದರೂ ಯಾರಾದರೂ "ಗೌರೀ" ಅಂದರೆ ಒಂದು ವರ್ಷದವರೆಗೂ ನಾನು ಹಿಂದೆ ತಿರುಗಿ, ಯಾರಪ್ಪಾ ಈ ಗೌರಿ, ಎಂದು ನೋಡುತ್ತಿದ್ದೆ. "ಕಿವುಡಿ ಸೊಸಿ ಗಂಟು ಬಿದ್ದಾಳ" ಎಂದು ಅತ್ತಿ ಓಣಿಯಲ್ಲಿ ಹೇಳಿಕೊಂಡು ಬಂದದ್ದೂ ಉಂಟು. ಹಳೆಯ ಹೆಸರು ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ, ಟ್ರಂಕಿನ ತಳದಲ್ಲಿ ಉಳಿಯಿತು.

ಭಾವನವರ ಹೆಸರು ಯಮನೂರಪ್ಪ. ಈಗ ಇಷ್ಟು ಸಲೀಸಾಗಿ ಬರೆದೆ, ಆಗ ನಾಲಿಗೆ ಕಡಿದುಕೊಂಡರೂ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಸೊಸೆಯಾದವಳು ಭಾವನ ಎದುರು ನಿಲ್ಲುವುದಿಲ್ಲ, ಸೆರಗು ಸರಿಸುವುದಿಲ್ಲ, ಮಾತಾಡುವುದಿಲ್ಲ. ಹೆಸರು ಹಿಡಿಯುವುದಂತೂ ಕನಸಿನಲ್ಲೂ ಇಲ್ಲ. ಅವರಿಗೆ ಬಾಯಾರಿಕೆಯಾದರೆ ಗೋಡೆಗೆ ಹೇಳುತ್ತಿದ್ದರು, "ನೀರು ಬೇಕಾಗಿತ್ತು" ಎಂದು. ನಾನು ಚರಿಗೆ ತಂದು ಹೊಸ್ತಿಲ ಹತ್ತಿರ ಸದ್ದಾಗುವಂತೆ ಇಡುತ್ತಿದ್ದೆ. ಒಂಬತ್ತು ವರ್ಷ ಹೀಗೇ ನಡೆಯಿತು. ಜಗಳ ಅಲ್ಲ ಮತ್ತ, ಮರ್ಯಾದಿ.

ಭಾವ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದರು. ನಲವತ್ತು ದಾಟಿದ ಮೇಲೆ ಬೆನ್ನು ಕೈಕೊಟ್ಟಿತು. ಕೊಪ್ಪಳದ ಒಂದು ಸಮುದಾಯ ಕಾಲೇಜಿನಲ್ಲಿ ಆರು ತಿಂಗಳು ವೆಲ್ಡಿಂಗ್ ಕಲಿಸುತ್ತಾರೆ, ವಯಸ್ಸು ಕೇಳುವುದಿಲ್ಲ ಎಂದು ಯಾರೋ ಹೇಳಿದರಂತೆ. ಹೋಗಿ ಎರಡು ಫಾರ್ಮು ತಂದರು. ಒಂದು ತಮಗೆ, ಒಂದು ತಮ್ಮನಿಗೆ. ತಮ್ಮ, ಅಂದರೆ ನಮ್ಮ ಮನೆಯವರು, ಅದೇ ವಾರ ಕುಷ್ಟಗಿಯ ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿಬಿಟ್ಟರು. ಎರಡನೆಯ ಫಾರ್ಮು ಗೋಡೆಯ ಮಾಡದಲ್ಲಿ ಬಿದ್ದುಕೊಂಡಿತು. ನಾನು ದಿನಾ ಕಸ ಹೊಡೆಯುವಾಗ ಅದನ್ನು ನೋಡುತ್ತಿದ್ದೆ. "ಅಭ್ಯರ್ಥಿಯ ಹೆಸರು" ಎಂದು ಬರೆದು ಮುಂದೆ ಒಂದು ಖಾಲಿ ಗೆರೆ. ಮೂರನೆಯ ದಿನ ತಡೆಯಲಾಗಲಿಲ್ಲ. ಪೆನ್ನು ಹುಡುಕಿ, ಅಂಕಪಟ್ಟಿಯಲ್ಲಿ ಇದ್ದಂತೆಯೇ, ದುಂಡಗೆ ಬರೆದೆ: ಹುಲಿಗೆಮ್ಮ.

ಸುಳ್ಳು ಯಾಕ ಹೇಳ್ಲಿ, ವೆಲ್ಡಿಂಗ್ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಆ ಹೆಸರಿಗೆ ಒಂದು ಪ್ರಮಾಣಪತ್ರ ಬರಬೇಕು, ಅಷ್ಟೇ ಆಸೆ. ಹೊಲಿಗೆಯ ಫಾರ್ಮು ಸಿಕ್ಕಿದ್ದರೆ ಹೊಲಿಗೆ ಕಲಿಯುತ್ತಿದ್ದೆನೋ ಏನೋ.

"ಕಬ್ಬಿಣ ಸುಡೋ ಕೆಲಸ ನಿನಗ್ಯಾಕವ್ವಾ? ತಲಿ ಮ್ಯಾಲೆ ಸೆರಗರ ಇರ್ತೈತೇನು ಅಲ್ಲಿ?" ಎಂದು ಅತ್ತಿ ಕೇಳಿದರು.

"ಸೆರಗಿಗಿಂತ ದೊಡ್ಡದು ಇರ್ತೈತ್ರಿ ಅತ್ತಿ. ಮುಖಾನೂ ಕಾಣಂಗಿಲ್ಲ," ಅಂದೆ. ವೆಲ್ಡಿಂಗ್ ಮಾಡುವಾಗ ಹಾಕುವ ಮುಖವಾಡದ ಚಿತ್ರ ಫಾರ್ಮಿನ ಮೇಲೇ ಇತ್ತು. ಅತ್ತಿ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ಒಪ್ಪಿದರು. ನಮ್ಮ ಮನೆಯವರು ನಕ್ಕು, ಹೋಗಲಿ ಬಿಡಬೇ ಅಂದರು. ಮರುದಿನ ನೋಡಿದರೆ ಮಾಡದಲ್ಲಿ ಫಾರ್ಮು ಇರಲಿಲ್ಲ. ಭಾವ ತಮ್ಮದರ ಜೊತೆ ಅದನ್ನೂ ಕೊಟ್ಟು ಬಂದಿದ್ದರು.

ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು, ಅವರು ಹಿಂದಿನ ಬಾಗಿಲು, ನಾನು ಮುಂದಿನ ಬಾಗಿಲು. ತರಗತಿಯಲ್ಲಿ ಅವರು ಆ ಮೂಲೆ, ನಾನು ಈ ಮೂಲೆ. ಕಲಿಸುವ ಸರ್ ಗಂಗಾವತಿಯ ಕಾಲುವೆ ಕಡೆ ಆಂಧ್ರದವರು ಬಂದು ನೆಲೆಸಿದ ಕ್ಯಾಂಪಿನವರು, ಮನೆಮಾತು ತೆಲುಗು. "ಏನಮ್ಮಾ, ನಿಮ್ಮ ಮನೆಯಲ್ಲಿ ಜಗಳವಾ?" ಎಂದು ಮೊದಲ ವಾರವೇ ಕೇಳಿದರು. ನಾನು ನೆಲ ನೋಡಿದೆ, ಭಾವ ಸೂರು ನೋಡಿದರು.

ನನ್ನ ಮೊದಲ ತಿಂಗಳ ಬೆಸುಗೆ ಹೇಗಿತ್ತೆಂದರೆ, ನೆನೆಸಿಕೊಂಡರೆ ಈಗಲೂ ನಾಚಿಕೆ. ವೆಲ್ಡಿಂಗ್ ಕಡ್ಡಿಯನ್ನು ಕಬ್ಬಿಣದ ತಟ್ಟೆಗೆ ತಾಗಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಕಿತ್ತರೆ ಬರದು, ಬೈದರೆ ಬಿಡದು. ಹೇಗೋ ಒಂದು ಗೆರೆ ಎಳೆದು ಮುಗಿಸಿದರೆ ಸರ್ ಬಗ್ಗಿ ನೋಡಿ, "ಇದು ಬೆಸುಗೆ ಅಲ್ಲಮ್ಮಾ, ಕೋಳಿ ಹಿಕ್ಕಿ" ಅಂದರು. ಅಳು ಬಂತು. ಮುಖವಾಡ ಇತ್ತಲ್ಲ, ಒಳಗೇ ಅತ್ತೆ. ಅದೊಂದು ಅನುಕೂಲ ನೋಡ್ರಿ.

ಆಮೇಲೆ ಒಂದು ದಿನ ಕಿವಿಗೆ ಗುಟ್ಟು ತಿಳಿಯಿತು. ಕಡ್ಡಿ ಸರಿಯಾದ ಅಂತರದಲ್ಲಿ ಉರಿಯುವಾಗ ಬಾಣಲಿಯಲ್ಲಿ ಮಿರ್ಚಿ ಕರಿಯುವಾಗಿನ ಸದ್ದೇ ಬರುತ್ತದೆ. ದೂರವಾದರೆ ಸಿಡಿಯುತ್ತದೆ, ಹತ್ತಿರವಾದರೆ ಸದ್ದು ಕಟ್ಟುತ್ತದೆ. ಒಂಬತ್ತು ವರ್ಷ ಒಲೆಯ ಮುಂದೆ ಕೂತವಳಿಗೆ ಇದನ್ನು ಯಾರು ಕಲಿಸಬೇಕು? ಅಲ್ಲಿಂದ ಕಣ್ಣಿಗಿಂತ ಕಿವಿಯನ್ನೇ ನಂಬಿದೆ. ಕೈ ಕುದುರಿತು. ಮೂರನೆಯ ತಿಂಗಳಿಗೆ ಸರ್ ನನ್ನ ತಟ್ಟೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಆಗ ವೆಲ್ಡಿಂಗ್ ಮೇಲೆ ಪ್ರೀತಿ ಹುಟ್ಟಿತು. ಪ್ರೀತಿ ಅಂದರೆ ಸಾಮಾನ್ಯ ಅಲ್ಲ. ಬಸ್ಸಿನಲ್ಲಿ ಕೂತರೂ ಕಿಟಕಿಯ ಸರಳಿನ ಬೆಸುಗೆ ಮುಟ್ಟಿ, ಇದನ್ನು ಮಾಡಿದವನಿಗೆ ಅವಸರ ಇತ್ತು ಎಂದು ಮನಸ್ಸಿನಲ್ಲೇ ತಪ್ಪು ಹುಡುಕುತ್ತಿದ್ದೆ.

ನಾಲ್ಕನೆಯ ತಿಂಗಳು ಜೋಡಿ ಕೆಲಸ ಬಂತು. ಒಬ್ಬರು ಕೊಳವೆ ಹಿಡಿಯಬೇಕು, ಇನ್ನೊಬ್ಬರು ಬೆಸೆಯಬೇಕು. ಸರ್ ನಮ್ಮಿಬ್ಬರನ್ನು ಜೋಡಿ ಹಾಕಿದರು. ಒಂದೇ ಊರು, ಒಂದೇ ಬಸ್ಸು, ತಪ್ಪಿಸಿದರೆ ಇಬ್ಬರೂ ಒಟ್ಟಿಗೇ ತಪ್ಪಿಸುತ್ತಾರೆ ಎಂಬುದು ಅವರ ಲೆಕ್ಕ. ಬೆಸುಗೆಯ ಬೆಳಕು ಬರಿಗಣ್ಣಿಗೆ ಬಿದ್ದರೆ ಕಣ್ಣು ಸುಡುತ್ತದೆ, ಅದಕ್ಕೇ ಅವರದೊಂದು ಕಟ್ಟಪ್ಪಣೆ ಇತ್ತು. ಕಡ್ಡಿ ಹಚ್ಚುವ ಮೊದಲು ಜೋಡಿಯವರ ಹೆಸರು ಹಿಡಿದು ಕೂಗಿ, "ಕಣ್ಣು" ಅನ್ನಬೇಕು. ಅವರು ಮುಖವಾಡ ಇಳಿಸಿ "ಹೂಂ" ಅಂದ ಮೇಲೇ ಹಚ್ಚಬೇಕು.

ಈಗ ನಮ್ಮ ಪಾಡು ಯೋಚಿಸ್ರಿ. ನಾನು ಭಾವನ ಹೆಸರು ಹಿಡಿಯುವಂತಿಲ್ಲ. ಅವರು ನನ್ನ ಹೆಸರು ಕೂಗಿದರೆ ಸ್ವಂತ ತಾಯಿಯ ಹೆಸರು ಕೂಗಿದಂತೆ. ಹಾಜರಿ ಪುಸ್ತಕದಲ್ಲಿ ನಾನು ಗೌರಿಯಲ್ಲವಲ್ಲ! ಇಬ್ಬರೂ ಮಾತಿಲ್ಲದೆ ಒಂದು ಒಪ್ಪಂದಕ್ಕೆ ಬಂದೆವು. ನಾನು ಸುತ್ತಿಗೆಯಿಂದ ಮೇಜಿಗೆ ಮೂರು ಸಲ ಬಡಿಯುವುದು, ಅವರು ಕೆಮ್ಮುವುದು. ಕೆಮ್ಮು ಅಂದರೆ "ಹೂಂ" ಅಂತ. ಅವರ ಸರದಿಗೆ ಅವರು ಬಡಿಯುವುದು, ನಾನು ಬಳೆ ಸದ್ದು ಮಾಡುವುದು. ಹದಿನಾರು ಜನರ ಗದ್ದಲದಲ್ಲಿ ಸರ್‌ಗೆ ಇದು ಗೊತ್ತಾಗಲಿಲ್ಲ. ನಮ್ಮ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಪರೀಕ್ಷೆಗೆ ಎರಡು ವಾರ ಇತ್ತು. ಅವತ್ತು ಭಾವನವರಿಗೆ ನೆಗಡಿಯಾಗಿತ್ತು. ನಾನು ಬಡಿದೆ, ಅವರು ಕೆಮ್ಮಿದರು, ನಾನು ಹಚ್ಚಿದೆ. ಆದರೆ ಆ ಕೆಮ್ಮು "ಹೂಂ" ಆಗಿರಲಿಲ್ಲ, ನಿಜವಾದ ಕೆಮ್ಮಾಗಿತ್ತು. ಮುಖವಾಡ ಮೇಲೆತ್ತಿ, ಕೊಳವೆಯ ಸಂದಿಗೆ ಕಣ್ಣಿಟ್ಟು ನೋಡುತ್ತಿದ್ದರು. ಗೇಣು ದೂರದಲ್ಲಿ ಬೆಳಕು ಬಡಿಯಿತು. "ಯವ್ವಾ" ಅಂದರು, ಕಣ್ಣು ಒರೆಸಿಕೊಂಡರು, ಏನೂ ಆಗಿಲ್ಲವೆಂಬಂತೆ ಕೈಸನ್ನೆ ಮಾಡಿದರು. ಈ ಬೆಳಕಿನ ಉರಿ ಕೂಡಲೇ ತಿಳಿಯುವುದಿಲ್ಲ. ಮನೆಗೆ ಬಂದು ಚಹಾ ಕುಡಿಯುವಾಗ ಶುರುವಾಯಿತು. ಕಣ್ಣಿನಲ್ಲಿ ಉಸುಕು ತುಂಬಿದಂಗ ಆಗೈತಿ ಅಂದರು. ತೆರೆಯಲಾಗದು, ಮುಚ್ಚಲಾಗದು, ನೀರು ಧಾರಾಕಾರ. ಅತ್ತಿ ಸೌತಿಕಾಯಿ ಬಿಲ್ಲೆ ಇಟ್ಟು ಮಗನ ತಲೆ ತೊಡೆಯ ಮೇಲೆ ಇಟ್ಟುಕೊಂಡರು.

"ಹೆಂಗಾತು?"

"ನಾ ಕರೀದ ಹಚ್ಚಿಬಿಟ್ಟೆ ಅತ್ತಿ."

"ಯಾಕ ಕರೀಲಿಲ್ಲ?"

"ಹೆಂಗ ಕರೀಲ್ರಿ?" ಅಂದೆ. ಅತ್ತಿಗೆ ಅರ್ಥವಾಯಿತು. ಮಗನ ತಲೆ ಸವರುತ್ತಾ, "ಸಾಕವಾ. ಕಲಿತದ್ದು ಸಾಕು. ನಾಳೆಯಿಂದ ಹೋಗಬ್ಯಾಡ," ಅಂದರು. ಸಿಟ್ಟಿನಿಂದ ಅಂದಿದ್ದರೆ ಎದುರು ಮಾತಾಡುತ್ತಿದ್ದೆ. ಮೆಲ್ಲಗೆ ಅಂದರು. ನನ್ನ ಎದೆ ಒಡೆದುಹೋಯಿತು. ಹದಿನೈದೇ ದಿನ ಇತ್ತು, ನನ್ನ ಹೆಸರಿನ ಕಾಗದ ಕೈಗೆ ಬರಲು. ತಪ್ಪು ನನ್ನದೇ, ಹೋಗ್ತೀನಿ ಅನ್ನಲು ಬಾಯಿ ಎಲ್ಲಿಂದ ತರಲಿ? ಬಾಗಿಲ ಹಿಂದೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಆಗ ತಾಯಿಯ ತೊಡೆಯ ಮೇಲಿಂದ ಭಾವ ಕರೆದರು. ಗೋಡೆಯನ್ನಲ್ಲ, ನನ್ನನ್ನು.

"ಹುಲಿಗೆವ್ವಾ."

ಅತ್ತಿ ಬೆಚ್ಚಿಬಿದ್ದರು. "ಏನಪಾ, ನನ್ನ ಹೆಸರು ಹಿಡಿತಿಯಲ್ಲೋ!"

"ನಿನಗಲ್ಲಬೇ, ಆಕಿಗೆ. ಕಾಲೇಜಿನ್ಯಾಗ ಆಕಿ ಹೆಸರು ಅದ ಐತಿ," ಅಂದರು. ಆಮೇಲೆ ನನಗೆ: "ನೋಡವಾ ತಂಗಿ, ನನ್ನ ಕಣ್ಣು ಹೋದ ಮ್ಯಾಲೆ ನಿನ್ನ ಮರ್ಯಾದಿ ತಗೊಂಡು ನಾ ಏನ್ ಮಾಡ್ಲಿ? ಹೆಸರು ಹಿಡಿದು ಕೂಗು. ನಾನೂ ಕೂಗ್ತೀನಿ. ಬಿಡೂದು ಗಿಡೂದು ಇಲ್ಲ, ಪರೀಕ್ಷಾ ಮುಗಿಸೂನು."

ದವಾಖಾನೆಯ ಹನಿ ಹಾಕಿ ಎರಡು ದಿನದಲ್ಲಿ ಕಣ್ಣು ನೆಟ್ಟಗಾದವು. ನನ್ನ ನಾಲಿಗೆ ನೆಟ್ಟಗಾಗಲಿಲ್ಲ. ಹಿತ್ತಲಿನಲ್ಲಿ ಕೋಳಿಗಳ ಮುಂದೆ ಹೇಳಿ ನೋಡಿದೆ, ಬೇವಿನ ಮರಕ್ಕೆ ಹೇಳಿ ನೋಡಿದೆ. ಕಾಲೇಜಿನಲ್ಲಿ ಅವರು "ಹುಲಿಗೆವ್ವಾ, ಕಣ್ಣು" ಅನ್ನುವುದನ್ನು ಕಲಿತರು. ನಾನು "ಕಣ್ಣು ಕಣ್ಣು" ಎಂದಷ್ಟೇ ಕಿರುಚಿ ದಿನ ತಳ್ಳಿದೆ.

ಪರೀಕ್ಷೆಗೆ ಹೊರಗಿನ ಸಾಹೇಬರೊಬ್ಬರು ಬಂದರು. ಹೆಸರು ಕೂಗದವರಿಗೆ ಕಡ್ಡಿ ಹಚ್ಚಲು ಬಿಡುವುದಿಲ್ಲ ಎಂದು ಮೊದಲೇ ಹೇಳಿದರು. ನನ್ನ ಸರದಿ ಬಂತು. ಭಾವ ಕೊಳವೆ ಹಿಡಿದು ನಿಂತರು. ಬಾಯಿ ತೆರೆದೆ. "ಯಮ..." ಅಂದೆ, ಮುಂದೆ ಹೋಗಲಿಲ್ಲ.

"ಏನಮ್ಮಾ, ಪರೀಕ್ಷೆಗೆ ಯಮನನ್ನ ಕರೀತೀರೇನು?" ಅಂದರು ಸಾಹೇಬರು. ಎಲ್ಲರೂ ನಕ್ಕರು. ಭಾವನ ಹೊಟ್ಟೆ ಅಲುಗಾಡುವುದು ನನಗೆ ಕಂಡಿತು. ಅವರೂ ನಗುತ್ತಿದ್ದಾರೆ! ಒಂಬತ್ತು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅದೇ ಧೈರ್ಯದಲ್ಲಿ ಕೂಗಿದೆ: "ಯಮನೂರಪ್ಪಾ, ಕಣ್ಣು!"

ಎಷ್ಟು ಜೋರಾಗಿ ಕೂಗಿದೆನೆಂದರೆ ಪಕ್ಕದ ಮೇಜುಗಳ ಸುತ್ತಿಗೆ ನಿಂತವು. "ಹೂಂ" ಅಂದರು ಭಾವ. ಹಚ್ಚಿದೆ. ಮಿರ್ಚಿ ಕರಿಯುವ ಸದ್ದು ಶುರುವಾಯಿತು, ಕೊನೆಯವರೆಗೂ ತಪ್ಪಲಿಲ್ಲ. ಬೆಸುಗೆಯ ಮೇಲೆ ಕಟ್ಟಿದ್ದ ಕರಿ ಪೊರೆ, ಅಂದರೆ ಕಿಟ್ಟ, ಸುತ್ತಿಗೆ ತಾಗಿಸುವ ಮೊದಲೇ ತಾನಾಗಿ ಎದ್ದು ಬಂತು; ಬೆಸುಗೆ ನೆಟ್ಟಗಿದ್ದರೆ ಮಾತ್ರ ಹಾಗೆ ಬರುತ್ತದೆ. ಸಾಹೇಬರು ಬೆರಳಿನಿಂದ ಸವರಿ, ದೀಪಕ್ಕೆ ಹಿಡಿದು, "ಇದನ್ನ ಒಡೆಯೋಕೆ ನನ್ನ ಕೈಲಾಗಲ್ಲ ಬಿಡಿ" ಅಂದರು. ನಮ್ಮ ಸರ್ ಮೀಸೆ ತಿರುವಿದರು. ಪ್ರಮಾಣಪತ್ರ ಬಂದಾಗ ಹೆಸರಿನ ಗೆರೆಯನ್ನು ಅದೆಷ್ಟು ಸಲ ಓದಿದೆನೋ. ಹೆಮ್ಮೆ ಅಂದರೆ ಏನೆಂದು ಅವತ್ತು ತಿಳಿಯಿತು. ಭಾವನೂ ಪಾಸಾದರು, ಆದರೆ ಅಂಕ ನನಗೇ ಹೆಚ್ಚು. ಅದನ್ನು ಹೇಳದೆ ಬಿಟ್ಟರೆ ನಾನು ಮನುಷ್ಯಳೇ ಅಲ್ಲ.

ಈಗ ಹಿಟ್ನಾಳದ ಹೆದ್ದಾರಿ ಪಕ್ಕ ನಮ್ಮಿಬ್ಬರ ಶೆಡ್ಡು ಇದೆ. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುತ್ತೇವೆ. ಮನೆಯಲ್ಲಿ ಈಗಲೂ ತಲೆಯ ಮೇಲೆ ಸೆರಗು, ಎಲ್ಲರಿಗೂ ನಾನು ಗೌರಿ. ಶೆಡ್ಡಿನಲ್ಲಿ ಅವರು ಯಮನೂರಪ್ಪ, ನಾನು ಹುಲಿಗೆವ್ವ. ಇದೆಲ್ಲ ನಡೆದು ಇಷ್ಟು ದಿನವಾದರೂ ಅತ್ತಿ ಶೆಡ್ಡಿನ ಕಡೆ ಕಾಲಿಟ್ಟಿರಲಿಲ್ಲ. ಸೊಸೆಯ ಬಾಯಲ್ಲಿ ಮಗನ ಹೆಸರು ಕೇಳಲು ಅವರಿಗೆ ಇಷ್ಟವಿಲ್ಲ ಎಂದು ನಾನೂ ಕರೆದಿರಲಿಲ್ಲ.

ಇವತ್ತು ಬಂದರು. ಬೆಳಿಗ್ಗೆ ನಾನು ಅವಸರದಲ್ಲಿ ಬುತ್ತಿ ಬಿಟ್ಟು ಬಂದಿದ್ದೆ, ತಾವೇ ತಂದಿದ್ದರು. ಟ್ರೇಲರಿನ ಅಡಿ ಕೂತು ಕಡ್ಡಿ ಸಿಕ್ಕಿಸುತ್ತಿದ್ದ ನನಗೆ ಅವರು ಕಾಣಲಿಲ್ಲ. "ಗೌರೀ" ಅಂದರಂತೆ, ಎರಡು ಸಲ. ಶೆಡ್ಡಿನಲ್ಲಿ ನನಗೆ ಆ ಹೆಸರು ಕೇಳಿಸುವುದಿಲ್ಲ. ಭಾವನ ಹೆಸರು ಕೂಗಿದೆ, ಅವರು "ಹೂಂ" ಅಂದರು. ಇನ್ನೇನು ಹಚ್ಚಬೇಕು, ಬಾಗಿಲ ಕಡೆಯಿಂದ ಒಂದು ದನಿ ಬಂತು. ಹುಟ್ಟಿದಾಗಿನಿಂದ ಬೇರೆಯವರ ಬಾಯಲ್ಲಿ ಮಾತ್ರ ಕೇಳಿದ್ದ ತಮ್ಮ ಹೆಸರನ್ನು ಅತ್ತಿ ಮೊದಲ ಸಲ ತಾವೇ ಕೂಗಿದ್ದರು.

"ಹುಲಿಗೆವ್ವಾ!"

ಮುಖವಾಡ ಎತ್ತಿ ನೋಡಿದೆ. ಬುತ್ತಿ ಗಂಟು ಕಂಕುಳಲ್ಲಿ ಇಟ್ಟುಕೊಂಡು, ಸೆರಗನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಅತ್ತಿ ನಿಂತಿದ್ದರು.

"ಕಣ್ಣು ಮುಚ್ಕೊಂಡೀನವಾ," ಅಂದರು. "ಹಚ್ಚು."