ಕೊನೆಯ ನೀರಿನ ಮೇಜು

ಕೇಳಿರಿ, ಪ್ರಿಯರೇ, ಕೈಯಲ್ಲಿರುವ ಕೆಲಸವನ್ನು ಅರೆಗಳಿಗೆ ಬದಿಗಿಟ್ಟು ಕೇಳಿರಿ. ನಮ್ಮ ಬೀದಿಯ ಗಡಿಯಾರ ರಿಪೇರಿಯವರ ಕಥೆಯಿದು. ಒಂದು ನಿಮಿಷ ತಪ್ಪು ತೋರಿಸುವ ಗಡಿಯಾರವನ್ನೂ ಗಿರಾಕಿಯ ಕೈಗೆ ಕೊಡದ ಆ ಮನುಷ್ಯ ಒಮ್ಮೆ ಸುಳ್ಳು ಹೇಳಿದರು, ಅದೂ ಪ್ರೀತಿಯಿಂದ.

ಅವರಿಗೆ ಒಬ್ಬನೇ ತಮ್ಮ, ಬಸ್ಸಿನ ಚಾಲಕ. ನಲವತ್ತು ದಾಟಿದ ಮೇಲೆ ಅವನಿಗೆ ಟ್ರಯಥ್ಲಾನಿನ ಹುಚ್ಚು ಹಿಡಿಯಿತು. ಬೆಳಗ್ಗೆ ಏಳಕ್ಕೆ ಕೆರೆಗಿಳಿದು ಎರಡು ಕಿಲೋಮೀಟರು ಈಜಬೇಕು; ಅಕ್ಕಪಕ್ಕದವರ ಕೈಕಾಲು ಮುಖಕ್ಕೆ ಬಡಿಯುತ್ತಲೇ ಇರುತ್ತವೆ. ಒದ್ದೆ ಮೈಯಲ್ಲೇ ತೊಂಬತ್ತು ಕಿಲೋಮೀಟರು ಸೈಕಲ್ ತುಳಿಯಬೇಕು. ಇಳಿದಾಗ ಕಾಲು ತನ್ನದಲ್ಲವೆನ್ನಿಸುತ್ತದೆ. ಆ ಕಾಲಿನಲ್ಲೇ ಇಪ್ಪತ್ತೊಂದು ಕಿಲೋಮೀಟರು ಓಡಬೇಕು. ಸಂಜೆ ನಾಲ್ಕು ಹೊಡೆದರೆ ಮುಗಿಯಿತು, ಹಿಂದುಳಿದವರನ್ನು ವ್ಯಾನಿಗೆ ಹತ್ತಿಸುತ್ತಾರೆ. ಮೊದಲ ಎರಡು ವರ್ಷವೂ ತಮ್ಮ ಆ ವ್ಯಾನಿನಲ್ಲೇ ಮರಳಿದ್ದ.

"ನಾಯಿಗೆ ಕೆಲಸವಿಲ್ಲ, ನಿಲ್ಲೋಕೆ ಪುರುಸೊತ್ತಿಲ್ಲ ಅಂತಾರಲ್ಲ, ಅದು ನೀನೇ ಕಣೋ," ಎಂದು ಅಣ್ಣ ಛೇಡಿಸುವರು.

"ಬರೀ ಮಾತು ಬೇಡ. ಈ ಸಲ ಬಂದು ನೀರಾದ್ರೂ ಕೊಡು."

ಹೀಗೆ ಮೂರನೆಯ ವರ್ಷ ಅಣ್ಣ ಕೊನೆಯ ನೀರಿನ ಮೇಜಿನ ಬಳಿ ನಿಂತರು. ಮುಕ್ತಾಯದ ಗೆರೆ ಅಲ್ಲಿಂದ ನಾಲ್ಕು ಕಿಲೋಮೀಟರು. ಆದರೆ ನೀರು ಕೊಡುವವರೆಲ್ಲ ಓಟಗಾರರಿಗೆ ಹೇಳುವ ಮಾತು ಒಂದೇ: "ಇನ್ನೇನು ಬಂದೇ ಬಿಡ್ತು!"

ಮೂರಕ್ಕೆ ಹತ್ತು ನಿಮಿಷವಿದ್ದಾಗ ತಮ್ಮ ಬಂದ. ತುಟಿ ಬಿಳಿಚಿತ್ತು, ಕೆನ್ನೆಯ ಮೇಲೆ ಬೆವರಿನ ಉಪ್ಪು ಕಟ್ಟಿತ್ತು.

"ಅಣ್ಣಾ, ಇನ್ನೆಷ್ಟು?"

ಅಣ್ಣ ನೀರಿನ ಲೋಟವನ್ನು ಅವನ ತುಟಿಗೆ ಹಿಡಿದರು. "ಒಂದೇ ಕಿಲೋಮೀಟರು ಕಣೋ. ಓಡು!"

ಆ ಬಾಯಿಂದ ಬಂದ ಮಾತನ್ನು ತಮ್ಮ ಅನುಮಾನಿಸಲಿಲ್ಲ. ಉಳಿದಿದ್ದ ಕಸುವನ್ನೆಲ್ಲ ಅದೊಂದು ಕಿಲೋಮೀಟರಿಗೆ ಸುರಿದ. ತಿರುವು ದಾಟಿದರೆ ಗೆರೆಯಿಲ್ಲ, ಬರಿಯ ರಸ್ತೆ. ಅಲ್ಲೇ ಕುಸಿದ.

ಆ ಸಂಜೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಮೆಲ್ಲಗೆ ಹೇಳಿದ: "ನಾಲ್ಕು ಅಂದಿದ್ರೆ ನಡ್ಕೊಂಡೇ ಹೋಗ್ತಿದ್ದೆ ಅಣ್ಣ. ಒಂದು ಗಂಟೆ ಹತ್ತು ನಿಮಿಷ ಇತ್ತು. ಗಡಿಯಾರಕ್ಕೂ ಸುಳ್ಳು ಹೇಳೋಕೆ ಬಿಡದವನು ನನಗೆ ಹೇಳ್ಬಿಟ್ಯಲ್ಲ."

ಮರುವರ್ಷದ ಸ್ಪರ್ಧೆಗೆ ಮೊದಲೇ ಅವನಿಗೆ ರಕ್ತದ ಕಾಯಿಲೆ ಬಂತು. ಇನ್ನು ಮೂರು ವಾರವೆಂದು ವೈದ್ಯರು ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣನಿಗೂ ತಮ್ಮನ ಹೆಂಡತಿಗೂ ತಿಳಿಸಿದರು.

"ಭಾವ, ಅವರಿಗೆ ಹೇಳ್ಬೇಡಿ," ಎಂದು ಆಕೆ ಸೆರಗು ಕಚ್ಚಿಕೊಂಡಳು. "ವಾಸಿಯಾಗುತ್ತೆ ಅಂದ್ಬಿಡಿ."

ಅಣ್ಣ ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತರು. ತಮ್ಮ ಅವರ ಮುಖವನ್ನೇ ನೋಡಿದ.

"ಅಣ್ಣಾ, ಇನ್ನೆಷ್ಟು?"

ದೇವರೇ, ನಾಲಗೆಗೆ ಬಲ ಕೊಡು ಎಂದು ಅವರು ಮನಸ್ಸಿನಲ್ಲೇ ಮೊರೆಯಿಟ್ಟರಂತೆ. "ಮೂರು ವಾರ ಕಣೋ. ಹೆಚ್ಚಂದ್ರೆ ನಾಲ್ಕು."

ತಮ್ಮ ಗೋಡೆಯತ್ತ ತಿರುಗಿ ಬಹಳ ಹೊತ್ತು ಅತ್ತ. ಆಮೇಲೆ ಅಣ್ಣನ ಕೈ ಹುಡುಕಿದ. "ಹಾಗಾದ್ರೆ ನಡ್ಕೊಂಡು ಹೋಗೋಣ. ನೀನೂ ಬಾ."

ಮನೆಗೆ ಬಂದ. ಜಗಳವಾಗಿ ಆರು ವರ್ಷ ಮಾತು ಬಿಟ್ಟಿದ್ದ ತನ್ನ ಬಸ್ಸಿನ ಕಂಡಕ್ಟರನನ್ನು ಕರೆಸಿ, ನಗಿಸಿ ಕಳಿಸಿದ. ತನ್ನ ಸೈಕಲ್ಲಿನ ಸೀಟನ್ನು ಮಗಳ ಎತ್ತರಕ್ಕೆ ಇಳಿಸಿ ಬಿಗಿದ. ಹತ್ತೊಂಬತ್ತನೆಯ ದಿನ ಮಧ್ಯಾಹ್ನ, ಅಣ್ಣನ ಕೈ ಹಿಡಿದುಕೊಂಡೇ, ದೇವರ ಪಾದ ಸೇರಿದ.

ಗಡಿಯಾರದವರು ಇಂದಿಗೂ ಪ್ರತಿ ವರ್ಷ ಆ ಮೇಜಿನ ಬಳಿ ನಿಲ್ಲುತ್ತಾರೆ. ಎದುರಿಗೊಂದು ಸ್ಲೇಟು, ಅದರ ಮೇಲೆ ಬಳಪದಲ್ಲಿ ಬರೆದ ಅಂಕೆ: ನಾಲ್ಕು. ಎಲ್ಲರಿಗಿಂತ ಕೊನೆಗೆ ಬಂದವರ ಜೊತೆ ಗೆರೆಯವರೆಗೂ ತಾವೇ ನಡೆಯುತ್ತಾರೆ. ಹಿಂದಿರುಗುವಾಗ ಆ ತಿರುವಿನಲ್ಲಿ ಒಂಟಿಯಾಗಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಪ್ರಿಯರೇ, ದಣಿದವನೊಬ್ಬ ನಾಳೆ ನಿಮ್ಮನ್ನೂ "ಇನ್ನೆಷ್ಟು?" ಎಂದು ಕೇಳಿಯಾನು. ಕೈಮುಗಿದು ಬೇಡುತ್ತೇನೆ, ಇರುವಷ್ಟನ್ನೇ ಹೇಳಿರಿ. ಹೇಳಿ, ಮೇಜು ಬಿಟ್ಟು ಅವನೊಡನೆ ನಡೆಯಿರಿ.